ಗವಿಯ ಮುಂದೆ ಕೇಳಿಸಿದ ಉಸಿರು

ಸಿನಿಮಾದಲ್ಲಿ ಶಬ್ದಗ್ರಹಣದ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಮೊಳಕಾಲ್ಮೂರಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಮೈಕ್ ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಿಕೊಡಲು ನನಗಿಂತ ಚೆನ್ನಾಗಿ ಬಲ್ಲವರು ಬೇಕಾದಷ್ಟಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಒಮ್ಮೊಮ್ಮೆ ಎಂಥ ಭಯವಾಗುತ್ತದೆ ಎಂದು ಮಾತ್ರ ಯಾರೂ ಕೇಳಿಲ್ಲ. ಬೇರೆಯವರಿಗೆ ಕೇಳಿಸದ್ದು ಅವನೊಬ್ಬನಿಗೇ ಕೇಳಿಸುತ್ತಿರುತ್ತದೆ. ನನ್ನ ಕೆಲಸದ ಬಹುಪಾಲು ಸಾಹಸದ ಚಿತ್ರಗಳಲ್ಲೇ ಕಳೆಯಿತು. ನೋಡುವವರು ಉಸಿರು ಬಿಗಿಹಿಡಿದು ಕೂರುವಂತೆ ಮಾಡುವುದೇ ನಮ್ಮ ಕಸುಬು. ಅದನ್ನು ಹೇಗೆ ಮಾಡುತ್ತಿದ್ದೆವು, ಒಂದು ದಿನ ಅದು ನಮ್ಮನ್ನೇ ಹೇಗೆ ಹಿಡಿದುಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮಗ್ಗದ ಮನೆಯಿಂದ ಮದ್ರಾಸಿಗೆ ಹೋದ ಹೊಸತರಲ್ಲಿ ವರದರಾಜನ್ ಎಂಬವರ ಕೈಕೆಳಗೆ ಸೇರಿದೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಒಂದು ಚಿತ್ರದಲ್ಲಿ ನಾಯಕ ನಿಧಿ ಹುಡುಕುತ್ತ ಕತ್ತಲ ಸುರಂಗದಲ್ಲಿ ನಡೆಯುವ ದೃಶ್ಯವಿತ್ತು. ಸಂಗೀತದವರು ಅದರ ತುಂಬ ಪಿಟೀಲು ತುಂಬಿದ್ದರು. ವರದರಾಜನ್ ಪಿಟೀಲು ತೆಗೆಸಿ, ಎಲ್ಲೋ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುವ ಸದ್ದೊಂದನ್ನೇ ಇಟ್ಟರು. ನೋಡುತ್ತ ನೋಡುತ್ತ ಕಿವಿ ಅದಕ್ಕೆ ಒಗ್ಗಿಹೋಯಿತು. ನಾಯಕ ತಿರುವಿಗೆ ಬಂದಾಗ ಆ ಸದ್ದನ್ನೂ ನಿಲ್ಲಿಸಿಬಿಟ್ಟರು. ಪರದೆಯ ಮೇಲೆ ಏನೂ ಆಗಲಿಲ್ಲ. ಆದರೆ ಆ ದೃಶ್ಯವನ್ನು ಎಷ್ಟೋ ಸಲ ಓಡಿಸಿದ್ದ ಪ್ರೊಜೆಕ್ಟರ್ ಆಪರೇಟರ್ ಎರಡೂ ಕಾಲನ್ನು ಸ್ಟೂಲಿನ ಮೇಲಕ್ಕೆ ಎತ್ತಿಕೊಂಡ. ವರದರಾಜನ್ ಅವನ ಕಾಲು ತೋರಿಸಿ ನನ್ನ ಮುಖ ನೋಡಿದರು. ಅದೇ ನನಗಾದ ಪಾಠ. ಭಯವನ್ನು ಸದ್ದಿನಿಂದ ಹುಟ್ಟಿಸಬಹುದು, ಒಗ್ಗಿಹೋದ ಸದ್ದನ್ನು ಕಿತ್ತುಕೊಂಡರೆ ಅದು ಇನ್ನೂ ಬಲವಾಗುತ್ತದೆ.

ಎಲ್ಲ ಹಿರಿಯರೂ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ನಿರ್ಮಾಪಕರಿದ್ದರು. ಬಾಗಿಲು ತೆರೆದಾಗಲೆಲ್ಲ ಢಂ ಎನ್ನಬೇಕೆಂದು ಅವರ ಹಟ. ಹೇಳಿದ್ದಕ್ಕೆ ಹಾಕಿದೆವು. ಚಳ್ಳಕೆರೆಯ ಥಿಯೇಟರಿನಲ್ಲಿ ಆ ಚಿತ್ರ ನೋಡಲು ಹೋಗಿದ್ದೆ. ಮೂರನೆಯ ಬಾಗಿಲ ಹೊತ್ತಿಗೆ ಮುಂದಿನ ಬೆಂಚಿನವರು "ಬಂತು ಬಂತು, ಕಿವಿ ಮುಚ್ಕಳ್ರಲೇ" ಎಂದು ಕೂಗತೊಡಗಿದರು. ಕೊನೆಯ ಬಾಗಿಲಿನ ಹಿಂದೆ ಹೆಣ ಇತ್ತು. ಥಿಯೇಟರೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಈಗ ಹೇಳಹೊರಟ ಚಿತ್ರ ನನ್ನ ನಿವೃತ್ತಿಗೆ ತುಸು ಮೊದಲಿನದು. ಅಷ್ಟರಲ್ಲಿ ಸ್ಪೂಲ್ ಟೇಪಿನ ಯಂತ್ರಗಳು ಮೂಲೆ ಸೇರಿ, ಅಂಗೈಯಷ್ಟು ಪೆಟ್ಟಿಗೆಯಲ್ಲಿ ಹತ್ತಾರು ಮೈಕುಗಳ ಸದ್ದನ್ನು ಬೇರೆ ಬೇರೆಯಾಗಿ ಹಿಡಿಯುವ ಕಾಲ ಬಂದಿತ್ತು. ನಿರ್ದೇಶಕ ವಿನಯ್, ಮೂವತ್ತರ ಆಸುಪಾಸಿನವನು. ಕಥೆ ಸರಳ. ಕಳ್ಳರ ಗುಂಪೊಂದು ನಾಯಕಿಯನ್ನು ಬಯಲಿನಿಂದ ಬಂಡೆಗುಡ್ಡದವರೆಗೆ ಅಟ್ಟಿಸಿಕೊಂಡು ಬರುತ್ತದೆ. ಅವನು ಹುಡುಕಿದ ಜಾಗ ನನ್ನ ಸೀಮೆಯದೇ ಆಗಿತ್ತು.

ಮೊದಲ ವಾರ ಚಳ್ಳಕೆರೆ ಕಡೆಯ ಹುಲ್ಲುಗಾವಲಿನಲ್ಲಿ ಜೀಪಿನ ಬೆನ್ನಟ್ಟುವಿಕೆ. ಕಣ್ಣು ಹಾಯುವಷ್ಟೂ ಸಪಾಟು ನೆಲ, ಒಂದು ಮರದ ಮರೆಯಿಲ್ಲ. ಇಲ್ಲಿ ಭಯ ಎಲ್ಲಿಂದ ತರುವುದು? ಎತ್ತರದಿಂದ ಹಿಡಿದ ಶಾಟಿನಲ್ಲಿ ಜೀಪು ಆಟದ ಸಾಮಾನಿನ ಹಾಗೆ ಕಂಡಿತು. ವಿನಯ್ ತಲೆ ಮೇಲೆ ಕೈಹೊತ್ತು ಕೂತ. ಮಾರನೆಯ ದಿನ ಕ್ಯಾಮೆರಾವನ್ನು ಹುಲ್ಲಿನ ಬುಡಕ್ಕೇ ಇಳಿಸಿ, ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಉದ್ದನೆಯ ಲೆನ್ಸ್ ಹಾಕಿದರು. ಓಡುವವಳಿಗೂ ಜೀಪಿಗೂ ನಡುವೆ ಬೇಕಾದಷ್ಟು ಅಂತರವಿತ್ತು. ಲೆನ್ಸಿನಲ್ಲಿ ನೋಡಿದರೆ ಜೀಪಿನ ಮೂತಿ ಅವಳ ಬೆನ್ನಿಗೇ ತಗುಲುತ್ತಿತ್ತು. ನಾನು ಎಂಜಿನ್ನಿನ ಆರ್ಭಟ ತಗ್ಗಿಸಿ, ಒಣಹುಲ್ಲು ಜೀಪಿನ ತಗಡಿಗೆ ಸರಸರ ಬಡಿಯುವುದನ್ನು ಹಿಡಿದೆ. ಎಂಜಿನ್ ದೂರದಿಂದಲೂ ಕೇಳಿಸುತ್ತದೆ, ಹುಲ್ಲಿನ ಸರಸರ ಪಕ್ಕಕ್ಕೆ ಬಂದಾಗಲೇ ಕೇಳಿಸುವುದು.

ನಾಯಕಿಯ ಬದಲಿಗೆ ಓಡುತ್ತಿದ್ದವಳು ಓಬಮ್ಮ. ತಳಕು ಕಡೆಯ ಹಳ್ಳಿಯವಳು, ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದವಳು, ಸಾಹಸ ನಿರ್ದೇಶಕ ರಹೀಂ ಮಾಸ್ಟರ್ ತಂಡ ಸೇರಿ ಕೆಲವು ವರ್ಷವಾಗಿತ್ತು. ನಾಯಕಿ ಬೀಳಬೇಕಾದಲ್ಲೆಲ್ಲ ಬೀಳುವವಳು ಅವಳು. ಮೊದಲ ದಿನವೇ ಕೇಳಿದೆ, "ಹೆದ್ರಿಕೆ ಆಗಲ್ವೇನಮ್ಮಾ?"

"ಆಗ್ತೈತೆ ಸರ್. ಆದ್ರೆ ಮಾಸ್ಟ್ರು ಹಗ್ಗ ಹಿಡಿದವ್ರೆ ಅಂದ್ರೆ ಅರ್ಧ ಕಮ್ಮಿ ಆಗ್ತೈತೆ" ಎಂದು ನಕ್ಕಳು.

ಆಮೇಲೆ ಮೊಳಕಾಲ್ಮೂರಿನ ಬಂಡೆಗುಡ್ಡಗಳಿಗೆ ಬಂದೆವು. ಕರಡಿ, ಚಿರತೆ ಇರುವ ಗುಡ್ಡಗಳು. ಅರಣ್ಯದವರ ಒಪ್ಪಿಗೆ ಪಡೆದು, ಅವರು ತೋರಿಸಿದ ಅಂಚಿನ ಜಾಗದಲ್ಲೇ ಹಗಲು ಮಾತ್ರ ಕೆಲಸ. ಜಾಗ ತೋರಿಸಲು ಜೊತೆಗಿದ್ದವನು ತಿಪ್ಪಣ್ಣ, ಅಲ್ಲೇ ಕುರಿ ಮೇಯಿಸಿ ಬೆಳೆದವನು.

ಜಾಗ ಹೇಗಿತ್ತೆಂದರೆ, ಎದುರುಬದುರು ಎರಡು ದೊಡ್ಡ ಬಂಡೆ, ನಡುವೆ ಆಳವಾದ ಕೊರಕಲು. ಆಚೆ ಬಂಡೆಯ ಅರ್ಧ ಎತ್ತರದಲ್ಲಿ ಮುಂದಕ್ಕೆ ಚಾಚಿದ ಒಂದು ಕಲ್ಲಿನ ಹಾಸು, ಅದರ ಹಿಂದೆ ಗವಿಯ ಬಾಯಿ. ನಾಯಕಿ ಹಗ್ಗ ಹಿಡಿದು ಆ ಹಾಸಿನ ಮೇಲಿಳಿದು, ಗವಿಗೆ ಬೆನ್ನು ಮಾಡಿ ಅಡಗಿ ಕೂರುತ್ತಾಳೆ. ತಲೆಯ ಮೇಲೆ ಕಳ್ಳರು ಹುಡುಕುತ್ತಿರುತ್ತಾರೆ. ಅವಳ ಗಮನವೆಲ್ಲ ಮೇಲೆ. ಗವಿಯ ಕತ್ತಲಲ್ಲಿ ಏನೋ ಅಲುಗಿದ್ದು ನೋಡುವವರಿಗೆ ಮಾತ್ರ ಗೊತ್ತಾಗಬೇಕು. "ಜನ ಸೀಟಲ್ಲಿ ಕೂತು ಹಿಂದೆ ನೋಡೇ, ಹಿಂದೆ ನೋಡೇ ಅಂತ ಒದ್ದಾಡಬೇಕು, ಇವಳು ನೋಡಬಾರದು" ಎನ್ನುತ್ತಿದ್ದ ವಿನಯ್.

ಶೂಟಿಂಗಿನ ಹಿಂದಿನ ದಿನವೂ ಅಂದು ಬೆಳಿಗ್ಗೆಯೂ ತಿಪ್ಪಣ್ಣ ಗವಿಗೆ ಕಲ್ಲು ಹೊಡೆದು, ಪಟಾಕಿ ಸಿಡಿಸಿ ನೋಡಿದ್ದ. ಏನೂ ಹೊರಬರಲಿಲ್ಲ. "ಖಾಲಿ ಐತ್ರಿ" ಎಂದಿದ್ದ. ಒಳಗೆ ಗವಿ ತಿರುಗಿಕೊಂಡು ಆಳಕ್ಕೆ ಹೋಗಿದೆಯೆಂದು ಅವನಿಗೂ ತಿಳಿದಿರಲಿಲ್ಲ.

ಆಚೆ ಬಂಡೆಯ ನೆತ್ತಿಯ ಮೇಲೆ ರಹೀಂ ಮಾಸ್ಟರ್ ಮತ್ತು ವೈರ್ ಎಳೆಯುವವರು ನಿಂತರು. ಈಚೆ ಬಂಡೆಯ ಮೇಲೆ ಕ್ಯಾಮೆರಾ, ವಿನಯ್, ನಾನು, ತಿಪ್ಪಣ್ಣ. ಓಬಮ್ಮನ ಸೊಂಟಕ್ಕೆ ಬೀಳದಂತೆ ಕಾಯುವ ವೈರ್, ಕೈಯಲ್ಲಿ ಹಗ್ಗ, ರವಿಕೆಯೊಳಗೆ ಸಣ್ಣ ಕಾಲರ್ ಮೈಕ್. ಆಯಾಸದ ನಿಜವಾದ ಉಸಿರು ಬೇಕೆಂದು ವಿನಯ್ ಹಾಕಿಸಿದ್ದ. ಅವಳು ಹೇಳಿದ್ದು ನನಗೆ ಕೇಳಿಸುತ್ತಿತ್ತು. ನಾನು ಹೇಳಿದ್ದು ಅವಳಿಗೆ ಕೇಳಿಸಲು ಕಿವಿಯಲ್ಲಿ ಏನೂ ಇರಲಿಲ್ಲ. ಆಗೆಲ್ಲ ಹಾಗೇ ನಡೆಯುತ್ತಿತ್ತು.

ಮಧ್ಯಾಹ್ನದ ಊಟ ಮುಗಿಸಿ ಶಾಟ್ ಶುರುಮಾಡಿದೆವು. ಓಬಮ್ಮ ಸಲೀಸಾಗಿ ಇಳಿದಳು. ಹಾಸಿನ ಮೇಲೆ ಕುಕ್ಕರಿಸಿ ಗವಿಗೆ ಬೆನ್ನು ಕೊಟ್ಟಳು. ಹೆಡ್‌ಫೋನಿನಲ್ಲಿ ಅವಳ ಏದುಸಿರು ಒಳ್ಳೆಯ ಮಟ್ಟದಲ್ಲಿ ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿದ್ದು ಯಾವಾಗ ಎಂದು ಹೇಳಲಾರೆ. ಗುಂಯ್ ಎಂಬ ಒಂದೇ ಸಮನೆಯ ಸಣ್ಣ ಸದ್ದು. ಜನರೇಟರಿನ ಕರೆಂಟ್ ಎಲ್ಲೋ ಸೋರಿ ಮೈಕಿಗೆ ಬರುತ್ತಿದೆ ಎಂದುಕೊಂಡೆ. ಬೇರೆ ಮೈಕುಗಳನ್ನು ಒಂದೊಂದಾಗಿ ಕೇಳಿದೆ. ಯಾವುದರಲ್ಲೂ ಇಲ್ಲ. ಓಬಮ್ಮನ ಮೈಕಿನಲ್ಲಿ ಮಾತ್ರ. ಹೆಜ್ಜೇನಿರಬಹುದೇ ಎಂದು ಪಿಸುಮಾತಿನಲ್ಲಿ ಕೇಳುತ್ತ ಪಕ್ಕದಲ್ಲಿದ್ದ ತಿಪ್ಪಣ್ಣನ ಕಿವಿಗೆ ಹೆಡ್‌ಫೋನಿನ ಒಂದು ಬದಿ ಒತ್ತಿದೆ.

"ಜೇನಲ್ಲ ಸಾಮಿ" ಎಂದ, ಗಂಟಲಿನಲ್ಲೇ. "ಕರಡಿ ಮರಿ. ಹಾಲು ಕುಡೀವಾಗ ಹಂಗೇ ಗುಂಯ್‌ಗುಡ್ತಾವೆ. ತಾಯಿ ಒಳಗೇ ಐತೆ. ಕೂಗ್‌ಬ್ಯಾಡ್ರಿ, ಕೂಗಿದ್ರೆ ಆ ಹೆಣ್ಮಗಳ ಮ್ಯಾಲೇ ಬೀಳ್ತೈತೆ."

ಸೆಟ್ಟಿನಲ್ಲಿ ಕಟ್ ಎನ್ನುವುದು ನಿರ್ದೇಶಕನ ಮಾತು. ಅದು ಮೆಗಾಫೋನಿನಲ್ಲಿ ಬರುತ್ತದೆ, ಬಂದ ಕೂಡಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗುತ್ತಾರೆ. ವಿನಯ್ ಮೆಗಾಫೋನ್ ಬಾಯಿಗಿಡುವ ಮೊದಲೇ ಅವನ ಕೈ ಹಿಡಿದು ಕಿವಿಯಲ್ಲಿ ಹೇಳಿದೆ. ಅವನು ಮೆಗಾಫೋನನ್ನು ಮೆಲ್ಲಗೆ ನೆಲಕ್ಕಿಟ್ಟ. ತುಟಿಗೆ ಬೆರಳಿಟ್ಟು ಎಲ್ಲರಿಗೂ ತೋರಿಸಿದ. ಅಷ್ಟು ಜನರ ಗುಂಪು ಒಮ್ಮೆಗೇ ಕಲ್ಲಿನ ಹಾಗೆ ನಿಂತಿತು. ನಾನು ವಾಕಿಟಾಕಿಯಲ್ಲಿ ಪಿಸುಗುಟ್ಟಿದೆ, "ಮಾಸ್ಟರ್, ಗವಿಯಲ್ಲಿ ಕರಡಿ ಇದೆ. ಸದ್ದಾಗದ ಹಾಗೆ ಮೇಲೆ ಎಳೆಯಿರಿ."

ಮಾಸ್ಟರ್ ಅಲ್ಲಿಂದ ಪಿಸುಗುಟ್ಟಿದರು, "ವೈರಿನ ರಾಟೆ ಕಿರುಗುಡ್ತದೆ ಸಾಬ್. ಅದನ್ನು ಬಿಟ್ಟು ಕೈಯಲ್ಲೇ ಎಳೀತೀವಿ. ಟೈಮ್ ಬೇಕು."

ಆಗಲೇ ಹೆಡ್‌ಫೋನಿನಲ್ಲಿ ಅವಳ ದನಿ ಬಂತು. ತುಟಿ ಅಲುಗದಂತೆ ಆಡಿದ ಮಾತು.

"ಸರ್, ನನ್ ಹಿಂದೆ ಏನೋ ಐತೆ. ಬೆನ್ನಿಗೆ ಬಿಸಿ ಗಾಳಿ ಬಡೀತಾ ಐತೆ. ಎದ್ದೇಳ್ಲಾ, ಬ್ಯಾಡ್ವಾ?"

ಅಷ್ಟು ಜನರಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೆ. ಉತ್ತರ ಕೊಡಲು ದಾರಿಯಿಲ್ಲ. ಎದ್ದುನಿಂತು ಎರಡೂ ಅಂಗೈ ಮುಂದೆ ಚಾಚಿ, ಕೂತಿರು, ಅಲುಗಬೇಡ ಎಂದು ತೋರಿಸಿದೆ. ನನ್ನ ಕೈ ನಡುಗುತ್ತಿತ್ತು. ದೂರಕ್ಕೆ ಅದು ಬಾ ಎಂದಂತೆ ಕಂಡರೆ ಏನು ಗತಿ ಎಂದು ಹೆದರಿ, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡೆ.

"ಸರಿ ಸರ್" ಎಂದಳು.

ಸೊಂಟದ ವೈರ್ ಸಡಿಲ ಕಳೆದುಕೊಂಡು ನಿಧಾನವಾಗಿ ಬಿಗಿಯಾಯಿತು. ಮೇಲೆ ಮಾಸ್ಟರ್ "ಆಹಿಸ್ತಾ, ಆಹಿಸ್ತಾ, ಮೆಲ್ಲಗೆ" ಎನ್ನುವುದು ವಾಕಿಟಾಕಿಯಲ್ಲಿ ಕೇಳುತ್ತಿತ್ತು. ಓಬಮ್ಮನ ಹಿಮ್ಮಡಿ ಕಲ್ಲಿನಿಂದ ಮೇಲೆದ್ದಿತು. ಆಗ ಗುಂಯ್ ಸದ್ದು ನಿಂತುಬಿಟ್ಟಿತು.

ಅದರಷ್ಟು ಕೆಟ್ಟ ನಿಶ್ಶಬ್ದವನ್ನು ನಾನು ಮತ್ತೆಂದೂ ಕೇಳಿಲ್ಲ. ಅದು ನಿಂತಾಗ ಓಬಮ್ಮನ ಉಸಿರೂ ನಿಂತಿತು. ಹೆಡ್‌ಫೋನಿನಲ್ಲಿ ಬಟ್ಟೆ ಮೈಕಿಗೆ ತಾಗುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಅವಳು ಮೇಲೇರುತ್ತಿದ್ದದ್ದು ಒಂದೊಂದು ಗೇಣು. ಅವಳ ಪಾದ ಗವಿಯ ಬಾಯಿಯ ಮೇಲಂಚು ದಾಟಿತೋ ಇಲ್ಲವೋ, ಕತ್ತಲೇ ಹೊರಗೆ ಬಂದಂತೆ ಕರಡಿ ನುಗ್ಗಿತು. ಹಿಂಗಾಲ ಮೇಲೆ ನಿಂತು ಬೀಸಿದ ಪಂಜ ಅವಳ ಸೀರೆಯ ಅಂಚನ್ನು ಕಿತ್ತುಕೊಂಡಿತು. ವೈರ್ ಓಲಾಡಿ ಓಬಮ್ಮ ಬಂಡೆಗೆ ಬಡಿದಳು. ಹೆಡ್‌ಫೋನಿನಲ್ಲಿ ಕರಡಿಯ ಅಬ್ಬರ ಕಿವಿ ಸೀಳಿತು. ಇನ್ನು ಸುಮ್ಮನಿರುವುದಕ್ಕೆ ಅರ್ಥವಿರಲಿಲ್ಲ. ತಿಪ್ಪಣ್ಣ ತಗಡು ಬಡಿದು ಕೂಗತೊಡಗಿದ, ನಾವೆಲ್ಲ ಕೂಗಿದೆವು, ಮೇಲಿನವರು ಒಂದೇ ಉಸಿರಿಗೆ ಎಳೆದುಕೊಂಡರು. ಕರಡಿ ಒಳಗೆ ಹೋಗಿ ಮತ್ತೆ ಹೊರಬಂದಾಗ ಬೆನ್ನ ಮೇಲೆ ಎರಡು ಮರಿಗಳು ಕೂದಲು ಕಚ್ಚಿ ಕೂತಿದ್ದವು. ಬಂಡೆಯ ಸಂದಿಯಲ್ಲಿ ಇಳಿದು ಹೋಯಿತು.

ನಾವು ಸುತ್ತಿ ಬಳಸಿ ಆಚೆ ನೆತ್ತಿಗೆ ಹೋದಾಗ ಓಬಮ್ಮ ರಹೀಂ ಮಾಸ್ಟರ್ ಹೆಗಲಿಗೆ ಒರಗಿ ಕೂತಿದ್ದಳು. ಮೊಣಕೈ ತರಚಿತ್ತು, ಬೇರೆ ಪೆಟ್ಟಿರಲಿಲ್ಲ. ಯಾರೋ ನೀರು ಕೊಟ್ಟರು. ಕುಡಿಯಲಾಗಲಿಲ್ಲ, ಹಲ್ಲು ಸ್ಟೀಲ್ ಲೋಟಕ್ಕೆ ಕಟಕಟ ಬಡಿಯುತ್ತಿತ್ತು. ಅವಳ ಮೈಕ್ ಇನ್ನೂ ಆನ್ ಇದ್ದು, ಕತ್ತಿಗೆ ಹಾಕಿಕೊಂಡಿದ್ದ ನನ್ನ ಹೆಡ್‌ಫೋನಿನಲ್ಲಿ ಆ ಕಟಕಟ ದೊಡ್ಡದಾಗಿ ಬರುತ್ತಿತ್ತು. ತೆಗೆದು ಆಫ್ ಮಾಡಿದೆ.

ಅಂದು ಕ್ಯಾಮೆರಾ ನಿಂತಿರಲಿಲ್ಲ. ಆದರೆ ಎಡಿಟಿಂಗ್ ಕೋಣೆಯಲ್ಲಿ ನೋಡಿದಾಗ ನಾವೆಲ್ಲ ಪೆಚ್ಚಾದೆವು. ನಮ್ಮ ಪ್ರಾಣವನ್ನು ಬಾಯಿಗೆ ತಂದ ಆ ಪ್ರಾಣಿ ಪರದೆಯ ಮೇಲೆ ಒಂದು ಕ್ಷಣ ಹಾರಿ ಮಾಯವಾಗುವ ಕಪ್ಪು ಮುದ್ದೆ. ಗ್ರಾಫಿಕ್ಸ್‌ನಲ್ಲಿ ಕೆಟ್ಟದಾಗಿ ಮಾಡಿದ್ದಾರೆ ಎನ್ನುವ ಹಾಗಿತ್ತು. ಅದನ್ನು ಬಳಸಲು ನಮಗೆ ಅನುಮತಿಯೂ ಇರಲಿಲ್ಲ. ವಿನಯ್ ಆ ಭಾಗ ತೆಗೆಸಿದ. ಉಳಿದದ್ದು ಗವಿಯ ಕಪ್ಪು ಬಾಯಿ, ಅದರ ಮುಂದೆ ಒಂದು ಬೆನ್ನು, ಆಮೇಲೆ ಸ್ಟುಡಿಯೋದಲ್ಲಿ ಹಿಡಿದ ನಾಯಕಿಯ ಮುಖ. ಸಂಕಲನಕಾರರು ಆ ಮೂರನ್ನೇ ಮತ್ತೆ ಮತ್ತೆ ಜೋಡಿಸುತ್ತ, ಗವಿಯನ್ನು ತೋರಿಸುವಾಗಲೆಲ್ಲ ಹಿಂದಿನದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲಿಸಿದರು. ಅಷ್ಟಕ್ಕೇ ಕತ್ತಲು ಹತ್ತಿರ ಬರುತ್ತಿದೆ ಅನ್ನಿಸುತ್ತಿತ್ತು.

ಉಳಿದದ್ದು ನನ್ನ ಕೆಲಸ. ಅಂದು ಮೈಕಿನಲ್ಲಿ ಬಂದದ್ದನ್ನೇ ಹಾಕೋಣ ಎಂದು ವಿನಯ್‌ಗೆ ಆಸೆ. ಓಬಮ್ಮನನ್ನು ಕೇಳದೆ ಬೇಡವೆಂದೆ. ಅವನೂ ಒಪ್ಪಿದ. ಡಬ್ಬಿಂಗ್ ಥಿಯೇಟರಿಗೆ ಬಂದು ಅವಳು ಕಣ್ಣು ಮುಚ್ಚಿ ಕೇಳಿದಳು. "ನನ್ ಹಿಂದೆ ಏನೋ ಐತೆ" ಎಂಬಲ್ಲಿ ಕಣ್ಣು ತೆರೆದಳು.

"ಇದು ಬ್ಯಾಡ ಸರ್. ಆ ಮಾತು ನಾನು ನಿಮಗೆ ಹೇಳಿದ್ದು, ಜನಕ್ಕೆ ಹೇಳಿದ್ದಲ್ಲ."

ವಿನಯ್ ಆ ತುಣುಕನ್ನು ಪಕ್ಕಕ್ಕಿಟ್ಟ. ಇನ್ನೊಂದು ಮಾತನ್ನೂ ಹೇಳಬೇಕು. ಅವಳ ಮಾತು ಬಿಟ್ಟರೆ ಆ ರೆಕಾರ್ಡಿಂಗಿನಲ್ಲಿ ಹೆಚ್ಚೇನೂ ಇರಲಿಲ್ಲ. ನಿಜವಾಗಿ ಹೆದರಿದವಳು ಉಸಿರಾಡಿರಲೇ ಇಲ್ಲ. ಕೇಳುವವರಿಗೆ ಭಯವಾಗಬೇಕಾದರೆ ನಾವೇ ಅದನ್ನು ಕಟ್ಟಬೇಕಿತ್ತು.

"ಉಸಿರು ಬೇಕಾದ್ರೆ ಕೊಡ್ತೀನಿ, ಹೊಸಾದು" ಎಂದಳು ಓಬಮ್ಮ. ಕಬಡ್ಡಿಯ ಹುಡುಗಿ, ಉಸಿರು ಅವಳ ಕೈಯೊಳಗಿತ್ತು. ಮೈಕಿನ ಮುಂದೆ ನಿಂತು ಪರದೆ ನೋಡುತ್ತ ಏದುಸಿರನ್ನು ಸಣ್ಣದು ಮಾಡುತ್ತ ಬಂದಳು, ನಡುವೆ ಒಂದು ಕಡೆ ತಡೆದಳು, ಮತ್ತೆ ಬಿಟ್ಟಳು. ಗಾಜಿನ ಈಚೆ ಕೂತ ನಾನು ಅವಳ ಹಿಂದೆ ಗೋಡೆ ಇದೆಯೆಂದು ಎರಡೆರಡು ಸಲ ನೋಡಿಕೊಂಡೆ.

ಗುಂಯ್ ಸದ್ದಿಗಾಗಿ ಏನೇನೋ ಪ್ರಯತ್ನಿಸಿ ಸೋತು, ರೆಕಾರ್ಡರ್ ಹಿಡಿದು ಮೊಳಕಾಲ್ಮೂರಿನ ಮನೆಗೆ ಬಂದೆ. ಅತ್ತಿಗೆ ಪಡಸಾಲೆಯಲ್ಲಿ ರಾಟೆ ತಿರುಗಿಸಿ ರೇಷ್ಮೆ ಸುತ್ತುತ್ತಿದ್ದರು. ಮೈಕ್ ಇಟ್ಟದ್ದು ನೋಡಿ, "ಏಮಯ್ಯಾ, ರಾಟ್ನಮು ಕೂಡಾ ಸಿನಿಮಾಲೋ ಚೇರುತುಂದಾ?" ಎಂದು ತೆಲುಗಿನಲ್ಲಿ, ರಾಟೆಯೂ ಸಿನಿಮಾಕ್ಕೆ ಸೇರುತ್ತದಾ ಎಂದು ಕೇಳಿ, ನಕ್ಕರು. ಸೇರಿತು. ಆ ಸದ್ದಿನ ವೇಗ ಇಳಿಸಿದಾಗ ಅಂದು ಕೇಳಿದ್ದಕ್ಕೆ ತೀರ ಹತ್ತಿರ ಬಂತು. ಪರದೆಯ ಮೇಲೆ ಏನೂ ಆಗದಿದ್ದಾಗಲೇ ಅದನ್ನು ಶುರುಮಾಡಿ, ಕಿವಿ ಮರೆಯುವಷ್ಟು ಹೊತ್ತು ಬಿಟ್ಟು, ನಾಯಕಿ ಮೇಲೆ ನೋಡಿದಾಗ ನಿಲ್ಲಿಸಿದೆ. ಸಂಗೀತ ಬೇಡವೆಂದೆವು.

ಈ ಕೆಲಸಕ್ಕೆ ಬರುವ ನಿಮಗೆ ಹೇಳಬೇಕಾದ ಮಾತೊಂದಿದೆ. ಆಮೇಲೆ ನಾನು ಕೆಲಸ ಮಾಡಿದ ಯಾವ ಚಿತ್ರದಲ್ಲೂ, ವೈರಿನಲ್ಲಿ ತೂಗುವವರ ಕಿವಿಗೊಂದು ಯಂತ್ರ ಕೊಡದೆ ರೆಕಾರ್ಡಿಂಗ್ ಶುರುಮಾಡಲಿಲ್ಲ. ತಡವಾಗುತ್ತದೆಂದು ರೇಗುತ್ತಾರೆ, ರೇಗಲಿ. ಅವರು ಪಿಸುಗುಟ್ಟಿದ್ದು ನಿಮಗೆ ಕೇಳಿಸಿದರೆ ಸಾಲದು, ನಿಮ್ಮ ಉತ್ತರವೂ ಅವರಿಗೆ ಕೇಳಿಸಬೇಕು. ಈಗಲೂ ಮಧ್ಯಾಹ್ನ ಮನೆಯಲ್ಲಿ ಫ್ರಿಜ್ಜಿನ ಸದ್ದು ಒಮ್ಮೆಗೇ ನಿಂತರೆ ನನ್ನ ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ.

ಚಿತ್ರ ಚಳ್ಳಕೆರೆಗೆ ಬಂದಾಗ ಮಧ್ಯಾಹ್ನದ ಆಟಕ್ಕೆ ಹೋದೆ. ಓಬಮ್ಮ ತನ್ನ ಅವ್ವನನ್ನು ಕರೆದುಕೊಂಡು ಬಂದಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಹೀರೋಯಿನ್‌ಗೆ ಜಡೆ ಹಾಕಿ ಸೀರೆ ಉಡಿಸೋ ಕೆಲ್ಸ ಅಂತ ಹೇಳಿದೀನಿ. ನೀವೂ ಹಂಗೇ ಅನ್ರಿ" ಎಂದಳು. ಆ ತಾಯಿ ಅರ್ಧ ಚಿತ್ರ ನಾಯಕಿಯ ತಲೆಯನ್ನೇ ನೋಡುತ್ತ, "ಜಡೆ ಚಂದ ಹೆಣೆದಿದೀಯ ಕಣೇ" ಎನ್ನುತ್ತಿದ್ದರು.

ಗವಿಯ ದೃಶ್ಯ ಬಂತು. ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಗುಂಯ್ ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯಪ್ಪಾ" ಎಂದರು. ಆಮೇಲೆ ಆ ಕತ್ತಲಲ್ಲಿ ಉಸಿರು ಮಾತ್ರ. ಮುಖ ನಾಯಕಿಯದು. ಅವ್ವ ಪರದೆ ನೋಡುವುದನ್ನು ಬಿಟ್ಟು ಮಗಳ ಕಡೆ ತಿರುಗಿದರು.

"ಓಬಿ, ಇದು ನಿನ್ ಉಸಿರು."

"ಸುಮ್ಕಿರವ್ವ. ಡಬ್ಬಿಂಗು ಅದು."

ಅವರು ಮಗಳ ಮುಂಗೈ ಹಿಡಿದವರು ಚಿತ್ರ ಮುಗಿಯುವವರೆಗೆ ಬಿಡಲಿಲ್ಲ. ಹೊರಗೆ ಬಂದ ಮೇಲೆ ನೇರವಾಗಿ ನನ್ನ ಮುಂದೆ ನಿಂತರು. "ಸಾಮಿ, ನೀವು ದೊಡ್ಡೋರು. ಆ ಗವಿಯಾಗೆ ನಿಜವಾಗ್ಲೂ ಏನಾರ ಇತ್ತಾ?"

ಓಬಮ್ಮ ಪೋಸ್ಟರ್ ನೋಡುತ್ತ ನಿಂತಿದ್ದಳು. ಆ ತಾಯಿಯ ಮುಖ ನೋಡಿ ನನಗೆ ಸುಳ್ಳು ಬರಲಿಲ್ಲ. "ಇತ್ತಮ್ಮ. ಕರಡಿ ಇತ್ತು" ಎಂದೆ.

ಅವರು ಅಳಲಿಲ್ಲ, ಬೈಯಲಿಲ್ಲ. ಮಗಳನ್ನು ಕೇಳಿದರು, "ಇನ್ನೊಂದ್ ಸರ್ತಿ ಹಂಗೆ ಹಗ್ಗದಾಗೆ ಇಳಿಯೋದು ಯಾವಾಗ?"

"ಸ್ವಾಮಾರ."

"ಹಗ್ಗ ಹಿಡಿಯೋರು ಯಾರು?"

"ರಹೀಂ ಮಾಸ್ಟ್ರು, ಅವ್ವ."

"ಫೋನ್ ಹಚ್ಚಿ ಕೊಡು."

ಓಬಮ್ಮ ನನ್ನ ಮುಖ ನೋಡಿದಳು. ಆಮೇಲೆ ನಂಬರ್ ಒತ್ತಿ ಫೋನ್ ಕೊಟ್ಟಳು. ಅವ್ವ ಸೆರಗು ಸರಿಮಾಡಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿ, "ನಾನು ಓಬಮ್ಮನ ಅವ್ವ ಮಾತಾಡ್ತಿರಾದು" ಎಂದರು. "ಸ್ವಾಮಾರ ಹಗ್ಗ ಹಿಡಿಯೋರು ನೀವಂತಲ್ಲ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಬಸ್ಸುಗಳು ಹೋಗುತ್ತ ಬರುತ್ತ ಇದ್ದ ರಸ್ತೆಯ ಬದಿಯಲ್ಲಿ ಹಾಗೇ ನಿಂತುಬಿಟ್ಟರು. ಆ ಕಡೆಯಿಂದ ಮಾಸ್ಟರ್ "ಹೇಳಮ್ಮಾ... ಹೇಳಮ್ಮಾ, ಕೇಳ್ತಾ ಇದೀನಿ" ಎನ್ನುತ್ತಿದ್ದುದು ನನಗೂ ಕೇಳಿಸುತ್ತಿತ್ತು.